ಚರ್ಮದ ವಾಸನೆಯ ನೀರು

೧೯ ಜನವರಿ ೧೯೩೩, ಸಾಂತಾ ಪೊಲೊನಿಯಾ ಠಾಣೆ

ಇದು ನನ್ನ ಶಾಲೆಯ ಹಾಜರಿ ಪುಸ್ತಕ. ಮೊದಲ ಪುಟಗಳಲ್ಲಿ ನಾಲ್ಕನೇ ತರಗತಿಯ ಮಕ್ಕಳ ಹೆಸರುಗಳಿವೆ. ನಾನು ಹಿಂದಿನ ಪುಟಗಳಿಂದ ಬರೆಯುತ್ತಿದ್ದೇನೆ. ಯಾರೂ ಓದಲೆಂದಲ್ಲ. ಓದಿದರೆ ನನ್ನನ್ನು ಗೋಡೆಗೆ ನಿಲ್ಲಿಸಿ ಗುಂಡಿಕ್ಕುತ್ತಾರೆ, ಆದರೆ ಈ ಕುರುಚಲು ಕಾಡಿನಲ್ಲಿ ಗೋಡೆಯೂ ಇಲ್ಲ.

ಈ ಚಾಕೊ ಸೀಮೆ ನಮ್ಮದು ಎಂದು ನಮ್ಮ ಪರಾಗ್ವೆಯ ಮಂತ್ರಿಗಳೂ ತಮ್ಮದು ಎಂದು ಬೊಲಿವಿಯಾದ ಮಂತ್ರಿಗಳೂ ಐವತ್ತು ವರ್ಷಗಳಿಂದ ನಕ್ಷೆ ಬರೆಯುತ್ತಿದ್ದಾರೆ. ನಕ್ಷೆಯಲ್ಲಿ ನೀಲಿ ಶಾಯಿ ಧಾರಾಳವಾಗಿದೆ. ನೆಲದಲ್ಲಿ ಮಾತ್ರ ಯಾರೂ ಒಂದು ಬಾವಿ ತೋಡಲಿಲ್ಲ. ಇದನ್ನೇ ನಾನು ಇಪ್ಪತ್ತೆಂಟನೇ ಇಸವಿಯಲ್ಲಿ ರಾಜಧಾನಿಯ ಪತ್ರಿಕೆಗೆ ಮೂರು ಸಲ ಬರೆದೆ. ಮಾರ್ಚ್ ನಾಲ್ಕು, ಏಪ್ರಿಲ್ ಹದಿನೇಳು, ಜೂನ್ ಎರಡು. ಒಂದೂ ಅಚ್ಚಾಗಲಿಲ್ಲ. ನಾವು ಮರೆಯುತ್ತೇವೆ ಎಂದು ದೊಡ್ಡವರು ಕಾಯುತ್ತಾರೆ. ಅದಕ್ಕೇ ನಾನು ದಿನಾಂಕಗಳನ್ನು ಮರೆಯುವುದಿಲ್ಲ.

ನಮ್ಮೂರ ಚೌಕದಲ್ಲಿ ಅರುವತ್ತು ವರ್ಷದ ಹಿಂದಿನ ಮಹಾಯುದ್ಧದ ಕ್ಯಾಪ್ಟನ್ ಒಬ್ಬನ ಕಂಚಿನ ಪ್ರತಿಮೆ ಇದೆ. ಏಕಾಂಗಿಯಾಗಿ ಶತ್ರುಗಳ ಮೇಲೆ ಕುದುರೆ ನುಗ್ಗಿಸಿದನಂತೆ. ಪಠ್ಯಪುಸ್ತಕದಲ್ಲಿ ಒಂದು ಪುಟ ಪಾಠವೇ ಇದೆ. ನಮ್ಮಜ್ಜಿ ಆ ದಂಡಿನ ಜೊತೆ ಹನ್ನೊಂದು ವರ್ಷದವಳಾಗಿ ನಡೆದವಳು. ಅವಳು ಹೇಳುತ್ತಿದ್ದುದೇ ಬೇರೆ: "ಕುದುರೆ ಬೆದರಿ ಓಡ್ತು. ಇವನು ಅದರ ಮೇಲಿದ್ದ, ಅಷ್ಟೇ." ಆ ಪಾಠವನ್ನು ನಾನು ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಮಾಡಿಲ್ಲ. ಇನ್‌ಸ್ಪೆಕ್ಟರ್ ಎರಡು ಸಲ ಬರವಣಿಗೆಯಲ್ಲಿ ಕಾರಣ ಕೇಳಿದ. ಎರಡು ಸಲವೂ ಅಜ್ಜಿಯ ಮಾತನ್ನೇ ಬರೆದು ಕಳಿಸಿದೆ.

ಇಂದು ಕಂದಕವನ್ನು ಇನ್ನೆರಡು ಗೇಣು ಆಳ ಮಾಡಿದೆವು. ಎದುರಿನವರು ಮುಳ್ಳುಪೊದೆಗಳ ಆಚೆ ಮುನ್ನೂರು ಹೆಜ್ಜೆ ದೂರದಲ್ಲಿದ್ದಾರೆ. ಅವರೂ ಅಗೆಯುವುದು ಕೇಳಿಸುತ್ತದೆ.

೨೧ ಜನವರಿ

ಸೊಯ್ಲೊನ ಬಗ್ಗೆ ಬರೆಯಬೇಕು, ಏಕೆಂದರೆ ನಾನು ಇನ್ನೂ ನಡೆಯುತ್ತಿರುವುದು ಅವನಿಂದ. ಹನ್ನೊಂದು ವರ್ಷ ಕಾಡಿನಲ್ಲಿ ಯೆರ್ಬಾ ಎಲೆಯ ಮೂಟೆ ಹೊತ್ತವನು. ಅವನ ಅಂಗಾಲಿಗೆ ಚುಚ್ಚಿದರೆ ಮುಳ್ಳೇ ಮುರಿಯುತ್ತದೆ. ಬೊಲಿವಿಯಾದವರಿಗೆ ಬೂಟುಗಳಿವೆ, ನಮ್ಮ ಸೈನ್ಯದ ಹೆಸರೇ ಬರಿಗಾಲಿನವರು. ನನ್ನ ಬಟ್ಟೆಯ ಚಪ್ಪಲಿ ಎರಡನೇ ವಾರಕ್ಕೇ ಹರಿದುಹೋಯಿತು. ಅಂಗಾಲಿನ ಬೊಬ್ಬೆಗಳಿಗೆ ಸೊಯ್ಲೊ ದಿನವೂ ಕೊಬ್ಬು ಸವರುತ್ತಾನೆ.

"ಪಾದದ ಅಂಚಲ್ಲಿ ನಡೀಬೇಡಿ ಮೇಷ್ಟ್ರೇ. ಬಿಸಿ ಬಾಣಲೆ ಮೇಲೆ ಬೆಕ್ಕು ನಡೆದ ಹಾಗಿದೆ. ಪೂರ್ತಿ ಊರಿ. ನೆಲ ಕಚ್ಚಲ್ಲ."

ಅವನಿಗೆ ಓದು ಬಾರದು. ಹೆಂಡತಿ ಪಾಬ್ಲಾಗೆ ಅವನ ಪರವಾಗಿ ಕಾಗದ ಬರೆಯುವವನು ನಾನು. ಈ ವಾರದ ಕಾಗದ ಇಷ್ಟೇ: ಬದುಕಿದ್ದೇನೆ, ಕೆಂಪು ಹಸು ಮಾರಬೇಡ, ಮಗು ಗಂಡಾದರೆ ಹೆಸರಿಡಲು ನಾನು ಬರುವವರೆಗೆ ಕಾಯಿ. ಹೆಣ್ಣಾದರೆ ಎಂದು ಕೇಳಿದೆ. ಹೆಣ್ಣಾದರೆ ಪಾಬ್ಲಾ ತನ್ನ ಮಾತು ಕೇಳುವುದೇ ಇಲ್ಲ, ಬರೆದು ಪ್ರಯೋಜನವಿಲ್ಲ ಎಂದ.

ಬೆಳಿಗ್ಗೆ ಎಲ್ಲರಿಗೂ ತೆರೆರೆ ಸುರಿಯುವವನೂ ಅವನೇ. ಹಸುವಿನ ಕೊಂಬಿನಲ್ಲಿ ಯೆರ್ಬಾ ಎಲೆಪುಡಿ, ಮೇಲೆ ತಣ್ಣೀರು, ಒಂದೇ ಕೊಳವೆ, ಎಂಟು ಬಾಯಿ. ಮೊದಲ ಸುರಿತವನ್ನು ಯಾರೂ ಕುಡಿಯುವುದಿಲ್ಲ, ಎಲೆಯೇ ಹೀರಿಕೊಳ್ಳುತ್ತದೆ. ಅದು ಸಂತ ತೊಮಾಸನ ಪಾಲು. ಊರಲ್ಲಾದರೆ ಸರಿ. ಇಲ್ಲಿ ತಲೆಗೆ ದಿನಕ್ಕೆ ಒಂದು ಲೋಟ ನೀರು. ಸಂತನಿಗೆ ಕೊಡುವ ಗುಟುಕನ್ನು ಮನುಷ್ಯರಿಗೆ ಕೊಡಬಾರದೇ ಎಂದು ಕೇಳಿದೆ. ಸೊಯ್ಲೊ ಕೊಂಬನ್ನು ಹಿಡಿದುಕೊಂಡೇ ನನ್ನತ್ತ ನೋಡಿದ. ಕಣ್ಣಿಗೆ ಕಾಣದೇ ಇರುವವನ ಪಾಲನ್ನೇ ಮೊದಲು ತೆಗೆದಿಡಬೇಕು, ಕಾಣುವವರು ಹೇಗೂ ಕೇಳಿ ತೆಗೆದುಕೊಳ್ಳುತ್ತಾರೆ ಎಂದ.

೨೫ ಜನವರಿ

ನೀರಿನ ಲಾರಿ ಬಂದಿಲ್ಲ. ಲೆಫ್ಟಿನೆಂಟ್ ಒಕಾಂಪೊಸ್ ಹೊಸ ಆಜ್ಞೆ ಓದಿದ: ಅಳತೆ ಮೀರಿ ನೀರು ತೆಗೆದವನಿಗೂ, ಅಪ್ಪಣೆಯಿಲ್ಲದೆ ಕಂದಕ ಬಿಟ್ಟವನಿಗೂ ಒಂದೇ ಶಿಕ್ಷೆ. ಗುಂಡು.

ಬಾವಿ ತೋಡದವರಿಗೆ ಯಾವ ಶಿಕ್ಷೆ ಎಂದು ಆಜ್ಞೆಯಲ್ಲಿ ಇರಲಿಲ್ಲ.

ಕಾಡಿನಲ್ಲಿ ದಾರಿ ತಪ್ಪಿದರೆ ಏನು ಮಾಡಬೇಕೆಂದು ಸೊಯ್ಲೊ ಹೇಳಿಕೊಟ್ಟ. ಬೂಟಿನ ಗುರುತು ಕಂಡರೆ ಮಲಗಬೇಕು, ಬರಿಗಾಲಿನ ಗುರುತು ಕಂಡರೆ ಹಿಂಬಾಲಿಸಬೇಕು. ಇಷ್ಟು ಸುಲಭದ ಪಾಠವನ್ನು ನಾನು ಯಾವ ಮಗುವಿಗೂ ಹೇಳಿಕೊಟ್ಟಿಲ್ಲ.

೨೭ ಜನವರಿ

ಲಾರಿ ಇಲ್ಲ. ನಾಲಿಗೆ ಬಾಯಲ್ಲಿ ಬೇರೆಯವರ ವಸ್ತುವಿನಂತಿದೆ. ನಾಳೆ ಬೆಳಿಗ್ಗೆ ನಾನೂ ಸೊಯ್ಲೊನೂ ಹಿಂದೆ ಕಾಡು ಕಡಿದು ಮಾಡಿದ ಸೀಳುದಾರಿಯಲ್ಲಿ ಹೋಗಿ ಲಾರಿ ಎಲ್ಲಿದೆ ನೋಡಬೇಕು.

೩೧ ಜನವರಿ, ಆಸ್ಪತ್ರೆ ಡೇರೆ

ನಾನು ಬದುಕಿದ್ದೇನೆ ಎಂದು ಮೂವರು ಹೇಳಿದರು. ಎಲ್ಲರೂ ಕೈ ಕುಲುಕುತ್ತಿದ್ದಾರೆ. ಏಕೆ ಎಂದರೆ ನಗುತ್ತಾರೆ.

ನೆನಪಿರುವುದನ್ನು ಬರೆದಿಡುತ್ತೇನೆ, ಇಲ್ಲದಿದ್ದರೆ ಇದೂ ಹೋಗುತ್ತದೆ. ಸೀಳುದಾರಿಯಲ್ಲಿ ಫಿರಂಗಿ ಗುಂಡುಗಳು ಬಿದ್ದವು. ಓಡಿದೆ. ಸೊಯ್ಲೊ ಇನ್ನೊಂದು ಕಡೆಗೆ ಓಡಿದ. ಆಮೇಲೆ ಎಲ್ಲ ಕಡೆ ಒಂದೇ ತರಹದ ಪೊದೆ. ಸೂರ್ಯ ನೆತ್ತಿಯ ಮೇಲಿದ್ದ, ದಿಕ್ಕು ಹೇಳಲಿಲ್ಲ. ರೈಫಲ್ ಎಲ್ಲಿ ಹೋಯಿತು? ಆಮೇಲೆ ಮರಳಿನಲ್ಲಿ ಹೆಜ್ಜೆಗಳು. ಬರಿಗಾಲು. ಅತ್ತುಬಿಟ್ಟೆ, ಕಣ್ಣೀರು ಬರಲಿಲ್ಲ. ಆಮೇಲೆ ಒಂದು ಗುಂಡಿಗೆ ಬಿದ್ದೆ, ಅಥವಾ ಹಾರಿದೆ. ನೀರು. ಚರ್ಮದ ವಾಸನೆಯ ನೀರು. ಯಾರದೋ ಹೆಗಲು. ಒಂದು ಗುಂಡಿನ ಸದ್ದು.

ನಡುವೆ ಏನೂ ಇಲ್ಲ. ಪುಟ ಹರಿದ ಪುಸ್ತಕದ ಹಾಗೆ.

೧ ಫೆಬ್ರವರಿ

ಪಕ್ಕದ ಮಂಚದಲ್ಲಿ ಹೊಟ್ಟೆಗೆ ಗುಂಡು ತಗುಲಿದ ಬೊಲಿವಿಯಾದ ಕೈದಿಯೊಬ್ಬನಿದ್ದಾನೆ. ಬೆಟ್ಟದವನು, ಗಿಡ್ಡ, ಅಗಲ ಮುಖ. ಸ್ಪ್ಯಾನಿಷ್ ಅಷ್ಟಿಷ್ಟು ಬರುತ್ತದೆ. ನಾನು ಕಣ್ಣು ಬಿಟ್ಟಾಗಲೆಲ್ಲ ನನ್ನತ್ತ ನೋಡಿ ನಗುತ್ತಾನೆ, ಹಳೆಯ ಪರಿಚಯದವನಂತೆ. ಹೆಸರು ಫೆರ್ಮಿನ್.

ಅವನ ಅಂಗಾಲುಗಳೂ ನನ್ನವುಗಳಂತೆಯೇ ಒಡೆದಿವೆ.

೩ ಫೆಬ್ರವರಿ

ಒಕಾಂಪೊಸ್ ಬಂದಿದ್ದ. ಹೊಸದಾಗಿ ಕ್ಷೌರ ಮಾಡಿಕೊಂಡಿದ್ದ. ನನಗೆ ಶೌರ್ಯ ಪದಕ ಬರುತ್ತದಂತೆ. ಕರ್ನಲ್‌ಗೆ ಕಳಿಸಿದ ಬರಹವನ್ನು ಓದಿದ: "ಶತ್ರುವಿನ ಗುಂಡಿನ ಮಳೆಯನ್ನು ಲೆಕ್ಕಿಸದೆ, ಪೂರ್ವಯೋಜಿತ ರೀತಿಯಲ್ಲಿ ಏಕಾಂಗಿಯಾಗಿ ನುಗ್ಗಿ, ಮೆಷಿನ್ ಗನ್ ಸಮೇತ ನಾಲ್ವರನ್ನು ಸೆರೆಹಿಡಿದು, ಸೈನ್ಯಕ್ಕೆ ಜೀವಜಲದ ನೆಲೆಯೊಂದನ್ನು ದೊರಕಿಸಿಕೊಟ್ಟ ಧೀರ ಶಿಕ್ಷಕ."

ನಾನು ಇದನ್ನು ನಾಲ್ಕನೇ ತರಗತಿಯಲ್ಲಿ ತಿದ್ದಿದ್ದರೆ ಅರ್ಧ ಅಂಕ ಕೊಡುತ್ತಿರಲಿಲ್ಲ. ವಾಕ್ಯ ಎಷ್ಟು ಉದ್ದವೆಂದರೆ ಕರ್ತೃ ಎಲ್ಲಿ ಸತ್ತ ಎಂದು ಹುಡುಕಬೇಕು. ಗುಂಡಿನ ಮಳೆ ಎಲ್ಲಿತ್ತು? ಯೋಜನೆ ಯಾರದು? ನಾನು ದಾರಿ ತಪ್ಪಿದ್ದೆ ಎಂದೆ. ಅವನು ನನ್ನ ಹೆಗಲು ತಟ್ಟಿದ. ಬಾಯಾರಿಕೆಯಿಂದ ಬಿದ್ದವರಿಗೆ ಹೀಗೆಲ್ಲ ಆಗುತ್ತದಂತೆ. ಮಾಡಿದ್ದು ಮರೆತು, ಮಾಡದ್ದು ನೆನಪಿಗೆ ಬರುತ್ತದಂತೆ.

ಹೋಗುವಾಗ, ಬಾಗಿಲ ಬಟ್ಟೆ ಎತ್ತಿ ನಿಂತು ಹೇಳಿದ: ಸೊಯ್ಲೊ ಕಾವಲಿನಲ್ಲಿದ್ದಾನೆ. ನಾವು ಬೇರೆಯಾದ ದಿನವೇ ಮಧ್ಯಾಹ್ನ ಒಬ್ಬನೇ ಕಂದಕಕ್ಕೆ ಮರಳಿ, ಪಡೆಯ ಕೊನೆಯ ಅರ್ಧ ಡಬ್ಬ ನೀರು ಎತ್ತಿಕೊಂಡು ರೈಫಲ್ ಇಲ್ಲದೆ ಕಂದಕ ಬಿಟ್ಟು ಹೋದನಂತೆ. ಕುದುರೆ ಪೊಲೀಸರು ಸೀಳುದಾರಿಯಲ್ಲಿ ಹಿಡಿದರು. ಮೇಷ್ಟ್ರನ್ನು ಹುಡುಕಲು ಹೊರಟಿದ್ದೆ, ಅವರು ದಾರಿ ತಪ್ಪಿದ್ದರು ಎನ್ನುತ್ತಾನಂತೆ. ಎಂಟನೇ ತಾರೀಕು ಮೇಜರ್ ಮುಂದೆ ವಿಚಾರಣೆ.

ನಾನು ದಾರಿ ತಪ್ಪಿದವನಾದರೆ ಅವನು ಹುಡುಕಲು ಬಂದವನು. ನಾನು ಯೋಜನೆ ಹಾಕಿಕೊಂಡು ನುಗ್ಗಿದವನಾದರೆ ಅವನು ನೀರುಗಳ್ಳ. ಪದಕ ನನ್ನ ಎದೆಗೆ, ಗುಂಡು ಅವನ ಎದೆಗೆ.

ಬರೆಯುತ್ತ ಪೆನ್ಸಿಲಿನ ಮೊನೆ ಮುರಿದೆ. ಕೋಪದಿಂದಲೇ ಇರಬೇಕು.

೪ ಫೆಬ್ರವರಿ

ಫೆರ್ಮಿನ್‌ನನ್ನು ಕೇಳಿದೆ. ನಿಧಾನವಾಗಿ, ಉಸಿರು ನಿಲ್ಲಿಸಿ ನಿಲ್ಲಿಸಿ ಹೇಳಿದ. ಅವನ ಮಾತನ್ನು ಆದಷ್ಟು ಹಾಗೆಯೇ ಇಡುತ್ತೇನೆ.

ಅವರು ನಾಲ್ವರು, ಒಂದು ಮೆಷಿನ್ ಗನ್, ಒಂದು ಹಳೆಯ ಬಾವಿ. ಅವರ ದಂಡು ಹಿಂದೆ ಸರಿದಿತ್ತು. ಇವರಿಗೆ ಹೇಳಲು ಯಾರೂ ಬರಲಿಲ್ಲ. ಆರು ದಿನದಿಂದ ಊಟವಿಲ್ಲ. ಬಾವಿಗೆ ಬಕೆಟ್ ಇರಲಿಲ್ಲ, ಫೆರ್ಮಿನ್‌ನ ಬೂಟಿಗೆ ಹಗ್ಗ ಕಟ್ಟಿ ನೀರು ಸೇದುತ್ತಿದ್ದರು. ಒಂದು ಬೂಟು ಬಾವಿಗೆ ಹೋದ ಮೇಲೆ ಇನ್ನೊಂದನ್ನು ಹಾಕಿಕೊಂಡು ಏನು ಮಾಡುವುದು ಎಂದು ಅವನು ಬರಿಗಾಲಲ್ಲೇ ಓಡಾಡಿದ. ಕಾಡಿನಲ್ಲಿ ತಿನ್ನಲು ಆಲ್ಗರೋಬೊ ಮರದ ಕಾಯಿ ಆರಿಸಲು ಹೋಗಿ ಬಂದ ಹೆಜ್ಜೆಗಳೇ ನನಗೆ ಸಿಕ್ಕಿದ್ದು.

"ನೀನು ಮೇಲಿಂದ ಬಿದ್ದೆ ಅಣ್ಣಾ," ಎಂದ. "ನಿಮ್ಮ ಭಾಷೇಲಿ ಏನೋ ಅಂದೆ. ನೀರು ಅಂತ ಬಾಯಿ ನೋಡಿದ್ರೇ ಗೊತ್ತಾಗ್ತಿತ್ತು. ನಾನು ಬೂಟು ಎತ್ತಿ ಕೊಟ್ಟೆ. ನೀನು ಎಲ್ಲಾ ಕುಡಿದೆ. ಕುಡಿದು ನಿದ್ದೆ ಮಾಡಿಬಿಟ್ಟೆ."

ಆಮೇಲೆ ಏನಾಯಿತು ಎಂದೆ.

"ಕಾದ್ವಿ. ನಮ್ಮನ್ನ ಹಿಡಿಯಕ್ಕೆ ಬಂದೋನು ಅಂತ ನಮ್ಮ ಕಾರ್ಪೊರಲ್ ಹೇಳ್ದ. ಹಿಡಿದ್ರೆ ಊಟ ಸಿಗತ್ತೆ. ನೀನು ಏಳ್ತಾನೇ ಇಲ್ಲ. ಎಬ್ಬಿಸಿದ್ರೆ ತಪ್ಪಾಗತ್ತೇನೋ ಅಂತ ಎರಡು ಗಂಟೆ ಸುಮ್ನೆ ಕೂತಿದ್ವಿ."

ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. ನಾನು ಎದ್ದ ಮೇಲೂ ನನಗೆ ದಾರಿ ಗೊತ್ತಿರಲಿಲ್ಲವಂತೆ. ನಮ್ಮ ಕಂದಕದ ಹೊಗೆಯನ್ನು ಅವನು ದೂರದಿಂದ ಕಂಡಿದ್ದ. ಉಳಿದ ಮೂವರು ಮೆಷಿನ್ ಗನ್ ಹೊತ್ತರು, ಅವನು ನನ್ನನ್ನು ಹೆಗಲಿಗೆ ಆನಿಸಿಕೊಂಡು ಮುಂದೆ ನಡೆದ. ಕಂದಕದ ಹತ್ತಿರ ಬಂದಾಗ ನಮ್ಮ ಕಾವಲಿನವನು ಅವನ ಸಮವಸ್ತ್ರ ನೋಡಿ ಗುಂಡು ಹೊಡೆದ.

ಕೈದಿಗಳು ತಮ್ಮನ್ನು ಹಿಡಿದವನನ್ನು ಎತ್ತಿಕೊಂಡು ಬಂದು ಒಪ್ಪಿಸಿದ್ದಾರೆ. ಅಜ್ಜಿ ಇದ್ದಿದ್ದರೆ ಮೂರು ದಿನ ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಇಷ್ಟೆಲ್ಲ ಅವನು ಹೇಳಿದ ಮೇಲೂ ನನಗೆ ಒಳಗಿನಿಂದ ನೆನಪಾಗುವುದು ನೀರಿನ ವಾಸನೆ ಒಂದೇ.

ಇದನ್ನು ಮೇಜರ್ ಮುಂದೆ ಹೇಳುವೆಯಾ ಎಂದು ಕೇಳಿದೆ. ಹೇಳುತ್ತೇನೆ, ನನ್ನ ಇನ್ನೊಂದು ಬೂಟು ಹುಡುಕಿ ಕೊಡು ಎಂದ.

೫ ಫೆಬ್ರವರಿ

ಫೆರ್ಮಿನ್ ಬೆಳಿಗ್ಗೆ ತೀರಿಕೊಂಡ. ಉಳಿದ ಮೂವರನ್ನು ಮೊನ್ನೆಯೇ ನದಿಯ ಕಡೆಗೆ ಸಾಗಿಸಿದ್ದಾರೆ.

೬ ಫೆಬ್ರವರಿ

ಒಕಾಂಪೊಸ್‌ನ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಬಾವಿ, ಬೂಟು, ನಿದ್ದೆ, ಹೆಗಲು. ಕೊನೆಯವರೆಗೂ ಕೇಳಿದ. ಅವನು ಕೆಟ್ಟವನಲ್ಲ ಎಂಬುದೇ ನನಗೆ ಕಷ್ಟ, ಕೆಟ್ಟವನಾಗಿದ್ದರೆ ಬಯ್ಯಬಹುದಿತ್ತು. ಇಪ್ಪತ್ತಮೂರು ವರ್ಷ, ಕಣ್ಣಿನ ಕೆಳಗೆ ಕಪ್ಪು.

"ಆಯ್ತು ಮೇಷ್ಟ್ರೇ," ಎಂದ. "ಹಾಗೇ ಬರ್ಕೋತೀನಿ. ದಾರಿ ತಪ್ಪಿದ್ರಿ. ರೈಫಲ್ ಕಳೆದ್ರಿ. ಶತ್ರು ಗುಂಡೀಲಿ ಕೂತು ಅವರ ನೀರು ಕುಡಿದು ನಿದ್ದೆ ಹೊಡೆದ್ರಿ. ಮೇಜರ್ ಮುಂದೆ ಓದ್ತೀನಿ. ಆಮೇಲೆ ಸೊಯ್ಲೊ ಒಬ್ಬನೇ ಮರಕ್ಕೆ ನಿಲ್ಲಲ್ಲ, ಪಕ್ಕದಲ್ಲಿ ನೀವೂ ನಿಲ್ತೀರಿ. ಅವನಿಗೆ ಜೊತೆ ಬೇಕು ಅಂತಿದ್ರೆ ಹೇಳಿ."

ಅವನು ಪೆನ್ನಿನ ಮುಚ್ಚಳ ಹಾಕಿದ.

"ಅವನ ಮಾತಿಗೆ ಬೆಲೆ ಇಲ್ಲ. ದಾರಿ ತಪ್ಪಿದ ಮೇಷ್ಟ್ರ ಮಾತಿಗೂ ಇಲ್ಲ. ಪದಕದ ಮೇಷ್ಟ್ರ ಮಾತಿಗೆ ಇದೆ. ಬುಧವಾರದವರೆಗೆ ಯೋಚನೆ ಮಾಡಿ."

ನಾನು ಸತ್ಯ ಹೇಳಬೇಕು. ಹನ್ನೆರಡು ವರ್ಷ ಅದನ್ನೇ ಕಲಿಸಿದ್ದೇನೆ. ಆದರೆ ಯಾವುದು ಸತ್ಯ? ನನಗೆ ಗೊತ್ತಿರುವುದೆಲ್ಲ ಒಬ್ಬ ಸತ್ತವನು ಹೇಳಿದ್ದು. ಜ್ವರದಲ್ಲಿದ್ದ. ನಾನೂ ಜ್ವರದಲ್ಲಿದ್ದೆ.

೮ ಫೆಬ್ರವರಿ

ವಿಚಾರಣೆ ಕೆಬ್ರಾಚೊ ಮರದ ಕೆಳಗೆ ನಡೆಯಿತು. ಮದ್ದಿನ ಪೆಟ್ಟಿಗೆಗಳೇ ಮೇಜು. ಮೇಜರ್‌ಗೆ ಕಿವಿ ನೋವು, ಹತ್ತಿ ಇಟ್ಟುಕೊಂಡಿದ್ದ. ಎಲ್ಲವನ್ನೂ ಎರಡು ಸಲ ಹೇಳಬೇಕಾಯಿತು. ಸುಳ್ಳನ್ನೂ ಎರಡು ಸಲ.

ಸೊಯ್ಲೊನನ್ನು ಕೈ ಕಟ್ಟಿ ಕರೆತಂದರು. ತೆಳ್ಳಗಾಗಿದ್ದ. ನನ್ನ ಕಾಲುಗಳನ್ನು ನೋಡಿ, ಹೇಗಿವೆ ಎಂದು ಹುಬ್ಬಿನಲ್ಲೇ ಕೇಳಿದ.

ಏನು ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡಿದ್ದೆ. ಅದರಲ್ಲಿ ಒಂದು ಪದವೂ ಬರಲಿಲ್ಲ. ನನ್ನ ಬಾಯಿಂದ ಬಂದದ್ದು ಇದು: "ಇವನಿಗೆ ನೀರು ತಗೊಂಡು ಬಾ ಅಂತ ನಾನೇ ಹೇಳಿದ್ದೆ. ಬಾವಿ ಎಲ್ಲಿದೆ ಅಂತ ಸುಳಿವು ಸಿಕ್ಕಿತ್ತು. ನಾನು ಮುಂದೆ ಹೋಗ್ತೀನಿ, ನೀನು ಮಧ್ಯಾಹ್ನ ನೀರು ತಂದು ದಾರೀಲಿ ಸಿಗು ಅಂದಿದ್ದೆ."

ಮತ್ತೆ ಅವನೇಕೆ ಹಾಗೆ ಹೇಳಲಿಲ್ಲ ಎಂದು ಮೇಜರ್ ಕೇಳಿದ. ಯಾರಿಗೂ ಹೇಳಬೇಡ ಎಂದು ಆಣೆ ಹಾಕಿಸಿದ್ದೆ, ನನ್ನ ಮಾತು ನಡೆಸಿದ್ದಾನೆ ಎಂದೆ. ಎಷ್ಟು ಸಲೀಸಾಗಿ ಬಂತೆಂದರೆ, ಹೇಳುತ್ತಿದ್ದ ಹಾಗೇ ಆ ಸೀಳುದಾರಿಯಲ್ಲಿ ನಿಂತು ಬೆರಳು ತೋರಿಸುತ್ತಿರುವ ನನ್ನನ್ನು ನಾನೇ ಕಂಡೆ.

ಮೇಜರ್ ಸೊಯ್ಲೊನ ಕಡೆ ತಿರುಗಿದ. "ಹೌದೇನೋ?"

ಸೊಯ್ಲೊ ನನ್ನತ್ತ ನೋಡಿದ. "ಮೇಷ್ಟ್ರು ಓದಿದೋರು ಸ್ವಾಮಿ. ಅವರು ಹೇಳಿದ ಹಾಗೆ."

"ನೋಡ್ರಯ್ಯ, ಸಾಯಕ್ಕೂ ತಯಾರಿದ್ದ, ಬಾಯಿ ಮಾತ್ರ ಬಿಡಲಿಲ್ಲ," ಎಂದು ಮೇಜರ್ ನಕ್ಕ. ಕೈ ಬಿಚ್ಚಿಸಿದ. ಒಕಾಂಪೊಸ್ ತನ್ನ ಕಾಗದದಲ್ಲಿ ಒಂದು ಸಾಲು ಸೇರಿಸಿಕೊಂಡ.

೯ ಫೆಬ್ರವರಿ

ಅವನು ಬದುಕಿದ. ಬೇರೆ ಏನೂ ಬರೆಯಬೇಕಿಲ್ಲ.

ಆದರೂ ಇದೊಂದನ್ನು ಬರೆಯುತ್ತೇನೆ. ಇಂದು ಕೊಬ್ಬು ಸವರುತ್ತ ಸೊಯ್ಲೊ ಹೇಳಿದ: "ಆ ಹೆಜ್ಜೆ ನಮ್ಮೋರದಲ್ಲ ಅಂತ ನೋಡಿದ ತಕ್ಷಣ ಗೊತ್ತಾಯ್ತು ಮೇಷ್ಟ್ರೇ. ಅಂಚಲ್ಲಿ ನಡೆದಿದ್ದಾನೆ, ನಿಮ್ಮ ಹಾಗೆ. ಬೂಟು ಬಿಟ್ಟು ವಾರ ಆಗಿರಬಹುದು. ಅದರ ಹಿಂದೇನೇ ನಿಮ್ಮ ಹೆಜ್ಜೆ. ಸತ್ರಿ ಅಂದ್ಕೊಂಡೆ. ನೀರು ತರಕ್ಕೆ ಓಡಿದೆ." ಸತ್ತಿದ್ದೇನೆ ಎಂದುಕೊಂಡವನು ನೀರು ಏಕೆ ತಂದೆ ಎಂದೆ. ಅದೂ ಒಂದು ಪ್ರಶ್ನೆಯೇ ಎನ್ನುವಂತೆ ನೋಡಿ ಇನ್ನೊಂದು ಕಾಲು ಎತ್ತಿಕೊಂಡ.

ಫೆರ್ಮಿನ್ ಹೇಳಿದ್ದನ್ನೂ ಅವನಿಗೆ ಹೇಳಿದೆ. ಬೂಟಿನಿಂದ ನೀರು ಸೇದಿದ ಕಥೆಯನ್ನು ಎರಡು ಸಲ ಕೇಳಿದ. ಆ ಮನುಷ್ಯನನ್ನು ಎಲ್ಲಿ ಹೂತರು ಎಂದು ವಿಚಾರಿಸಿದ. ನನಗೆ ಗೊತ್ತಿರಲಿಲ್ಲ.

೨೭ ಫೆಬ್ರವರಿ

ಪದಕ ಬಂತು. ಜನರಲ್ ಒಬ್ಬ ಲಾರಿಯಲ್ಲಿ ಬಂದ, ಅದೇ ಲಾರಿಯಲ್ಲಿ ನೀರೂ ಬಂತು. ಸೂಜಿ ನನ್ನ ಅಂಗಿ ದಾಟಿ ಚರ್ಮಕ್ಕೆ ತಾಗಿತು. ಬರಹವನ್ನು ಗಟ್ಟಿಯಾಗಿ ಓದಿದರು. ಬಿಸಿಲಿನಲ್ಲಿ ನಿಂತು ಕೇಳುವಾಗ ಅದು ಅಷ್ಟು ಕೆಟ್ಟ ವಾಕ್ಯ ಎನಿಸಲಿಲ್ಲ. ಉದ್ದ ಹೌದು; ಆದರೆ ಲಯವಿದೆ.

ಜೊತೆಗೆ ಒಂದು ಜೊತೆ ಬೂಟು ಕೊಟ್ಟರು. ಶತ್ರುಗಳಿಂದ ವಶಪಡಿಸಿಕೊಂಡದ್ದು, ಹೊಸದೇ. ಹಾಕಿಕೊಳ್ಳುವುದಿಲ್ಲ ಎಂದು ನಿರ್ಧರಿಸಿದ್ದೇನೆ.

೩ ಮಾರ್ಚ್

ಮುಳ್ಳು ಹೊಕ್ಕು ಕಾಲು ಬಾತಿದೆ. ಬೂಟು ಹಾಕಿಕೊಂಡೆ. ಗುಣವಾಗುವವರೆಗೆ.

೧೮ ಮಾರ್ಚ್

ಹೊಸದಾಗಿ ಬಂದ ಪಡೆಯವರಿಗೆ ನನ್ನ ಘಟನೆಯನ್ನು ಹೇಳಬೇಕೆಂದು ಒಕಾಂಪೊಸ್ ಕರೆಸಿಕೊಂಡ. ಮೊದಲ ಸಲ ಇದ್ದದ್ದು ಇದ್ದ ಹಾಗೆ ಹೇಳಲು ಹೋದೆ; ಮೇಷ್ಟ್ರು ಎಷ್ಟು ವಿನಯವಂತರು ಎಂದು ಚಪ್ಪಾಳೆ ತಟ್ಟಿದರು. ಎರಡನೇ ಸಲ ನಿದ್ದೆ ಮಾಡಿದ್ದನ್ನು ಬಿಟ್ಟೆ. ಅದು ಕೇಳುವವರಿಗೆ ಗೊಂದಲ ಮಾಡುತ್ತದೆ. ಇಂದು ನಾಲ್ಕನೇ ಸಲ. ಈಗ ಹನ್ನೆರಡು ನಿಮಿಷದಲ್ಲಿ ಮುಗಿಯುತ್ತದೆ.

ಈ ಜನ ಎಷ್ಟು ಹೆದರಿದ್ದಾರೆ. ಏನಾದರೂ ಹಿಡಿದುಕೊಳ್ಳಲು ಬೇಕು ಅವರಿಗೆ. ಮೊದಲು ನಾನು ಇದನ್ನು ಯೋಚಿಸಿರಲಿಲ್ಲ.

ಒಂದು ವಿಷಯ ಸ್ಪಷ್ಟವಾಗುತ್ತಿದೆ. ಗುಂಡಿಗೆ ನಾನು ಬಿದ್ದದ್ದಲ್ಲ, ಹಾರಿದ್ದು. ಮಂಡಿ ಮಡಿಸಿದ್ದು ನೆನಪಿದೆ.

೨ ಏಪ್ರಿಲ್

ಇನ್‌ಸ್ಪೆಕ್ಟರ್‌ನ ಕಾಗದ ಬಂದಿದೆ. ಅದೇ ಇನ್‌ಸ್ಪೆಕ್ಟರ್. ಹೊಸ ಪಠ್ಯಪುಸ್ತಕಕ್ಕೆ, ನಾಲ್ಕನೇ ತರಗತಿಗೆ ಹೊಂದುವಂತೆ, ಒಂದು ಪುಟ ಬರೆದುಕೊಡಬೇಕಂತೆ. ಬಹಳ ಗೌರವದಿಂದ ಬರೆದಿದ್ದಾನೆ. ಕಂಚಿನ ಕ್ಯಾಪ್ಟನ್‌ನ ಪಾಠದ ಮುಂದೆಯೇ ನನ್ನದು ಬರುತ್ತದೆ.

ಅಜ್ಜಿಯ ಮಾತು ನೆನಪಾಯಿತು. ಆದರೆ ಅವಳಿಗೆ ಆಗ ಹನ್ನೊಂದೇ ವರ್ಷ. ದೂರದಿಂದ ನೋಡಿದ್ದಳು, ಧೂಳಿತ್ತು. ಬೆದರಿದ ಕುದುರೆಗೂ ಓಡಿಸಿದ ಕುದುರೆಗೂ ಅಷ್ಟು ದೂರದಿಂದ ಏನು ವ್ಯತ್ಯಾಸ ಕಾಣುತ್ತದೆ?

೯ ಏಪ್ರಿಲ್

ಪಾಠ ಮುಗಿಯಿತು. ಶುದ್ಧ ಪ್ರತಿ ಮಾಡುವ ಮೊದಲು ಇಲ್ಲಿ ಇಡುತ್ತೇನೆ:

"ಆ ದಿನ ಸೈನ್ಯಕ್ಕೆ ನೀರಿರಲಿಲ್ಲ. ಶಿಕ್ಷಕ ಲಿಸಾರ್ದೊ ಬೆನೀತೆಸ್‌ಗೆ ಶತ್ರುಗಳ ಬಾವಿಯ ಸುಳಿವು ಸಿಕ್ಕಿತು. ತನ್ನ ಸಂಗಾತಿ ಸೊಯ್ಲೊಗೆ, ನೀನು ಮಧ್ಯಾಹ್ನ ನೀರು ತೆಗೆದುಕೊಂಡು ಬಾ, ನಾನು ಮುಂದೆ ಹೋಗುತ್ತೇನೆ ಎಂದು ಹೇಳಿದನು. ಶತ್ರುವಿನ ಗುಂಡಿನ ಮಳೆಯನ್ನು ಲೆಕ್ಕಿಸದೆ ಅವನು ಏಕಾಂಗಿಯಾಗಿ ನುಗ್ಗಿದನು. ಮೆಷಿನ್ ಗನ್ ಹಿಡಿದಿದ್ದ ಮೂವರು ಕೈ ಎತ್ತಿದರು. ಮಕ್ಕಳೇ, ಇಂದು ಆ ಬಾವಿಯ ನೀರನ್ನು ನಮ್ಮ ಸಾವಿರ ಸೈನಿಕರು ಕುಡಿಯುತ್ತಾರೆ."

ಚಿಕ್ಕ ವಾಕ್ಯಗಳು. ಮಕ್ಕಳಿಗೆ ಅರ್ಥವಾಗುತ್ತದೆ. ನಾಲ್ವರು ಎಂದು ಬರೆದರೆ ನಾಲ್ಕನೆಯವನು ಏನಾದ ಎಂದು ಕೇಳುತ್ತಾರೆ. ಮಕ್ಕಳು ಅಂಥದ್ದನ್ನೇ ಕೇಳುವುದು. ಆದ್ದರಿಂದ ಮೂವರು.

ಬೆಳಿಗ್ಗೆ ತೆರೆರೆಗೆ ಕೂತಾಗ ಇದನ್ನು ಸೊಯ್ಲೊಗೆ ನಮ್ಮ ಗುವಾರನಿ ಮಾತಿನಲ್ಲಿ ಓದಿ ಹೇಳಿದೆ. ಸಂತೋಷಪಡುತ್ತಾನೆ ಎಂದುಕೊಂಡಿದ್ದೆ. ಅವನ ಹೆಸರು ಪುಸ್ತಕದಲ್ಲಿ ಅಚ್ಚಾಗುತ್ತದೆ. ಹೋದ ತಿಂಗಳು ಹುಟ್ಟಿದ ಅವನ ಮಗಳು ಮುಂದೊಂದು ದಿನ ಓದುತ್ತಾಳೆ. ಅವನು ಎಲೆಪುಡಿಯನ್ನು ಕೊಂಬಿಗೆ ತುಂಬುತ್ತಲೇ ಇದ್ದ.

"ಅದು ಮೇಜರ್‌ಗೆ ಹೇಳಿದ್ದಲ್ವಾ ಮೇಷ್ಟ್ರೇ? ನನ್ನ ತಲೆ ಉಳೀತು. ಸಾಯೋವರೆಗೂ ಮರೆಯಲ್ಲ. ಆದ್ರೆ ಇಲ್ಲಿ ಯಾವ ಮೇಜರ್ ಇದ್ದಾನೆ?"

ಮೇಜರ್‌ಗೆ ಹೇಳಿದ್ದು ಬೇರೆ, ನಡೆದದ್ದು ಬೇರೆಯೇ ಎಂದು ಕೇಳಿದೆ. ಸೀಳುದಾರಿಯಲ್ಲಿ ನಿಂತು ನಾನು ಬೆರಳು ತೋರಿಸಿದ್ದು ಅವನಿಗೆ ನೆನಪಿಲ್ಲವೇ? ಅವನು ಮೊದಲಿನಿಂದಲೂ ದಿನಾಂಕ, ಗಂಟೆಗಳನ್ನು ನೆನಪಿಡುವವನಲ್ಲ.

"ನೀವು ಯಾವ ದಿಕ್ಕಿಗೂ ಬೆರಳು ತೋರಿಸಲಿಲ್ಲ. ಓಡಿದ್ರಿ. ನಾನೂ ಓಡಿದೆ," ಎಂದ. ಜಗಳದ ದನಿಯಲ್ಲಲ್ಲ, ಮುಳ್ಳು ತೆಗೆಯುವಾಗ ಮಾತಾಡುವಂತೆ.

ಆಮೇಲೆ ಮೊದಲ ಸುರಿತ ಸುರಿದ. ಸಂತ ತೊಮಾಸನ ಹೆಸರು ಹೇಳಲಿಲ್ಲ. "ಇವತ್ತಿಂದು ಸಂತನಿಗಲ್ಲ," ಎಂದ. "ಫೆರ್ಮಿನ್‌ಗೆ."

ಯಾವ ಫೆರ್ಮಿನ್ ಎಂದು ಕೇಳಿದೆ.

ಸುತ್ತ ಕೂತವರು ನನ್ನನ್ನೂ ಅವನನ್ನೂ ನೋಡಿದರು. ಎಲೆ ಆ ನೀರನ್ನು ಪೂರ್ತಿ ಹೀರುವವರೆಗೆ ಸೊಯ್ಲೊ ಕೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ, ನನ್ನ ಪಾದಗಳ ಕಡೆ ನೋಡುತ್ತ. ಆಮೇಲೆ ಎಂದಿನಂತೆ ಬಲಗಡೆಯಿಂದ ಶುರುಮಾಡಿದ. ನನ್ನ ಸರದಿ ಕೊನೆಗೆ ಬಂತು.

ನೀರಿಗೆ ಚರ್ಮದ ವಾಸನೆ ಇತ್ತು. ಹೊಸ ಬೂಟಿನದೇ ಇರಬೇಕು.